ಆ ಹೀಟಿನ ಟಿ.ಸಿ. ಎಲ್ಲೈತ್ರಿ? ಉದ್ಯಮಬಾಗದ ಸಣ್ಣ ಫೌಂಡ್ರಿಯ ಕಾಗದಗಳನ್ನು ಕಂಪ್ಯೂಟರಿಗೆ ಏರಿಸಿದ ಏಳು ತಿಂಗಳು

ಏಪ್ರಿಲ್ 2025ರಲ್ಲಿ ಹಿಡಿದ ಕೆಲಸ ಅಕ್ಟೋಬರಿಗೆ ಮುಗಿಯಿತು. ಎರಡು ತಿಂಗಳಲ್ಲಿ ಆಗಬಹುದು ಅಂದುಕೊಂಡಿದ್ದೆವು. ಉಳಿದ ಐದು ತಿಂಗಳು ಎಲ್ಲಿ ಹೋದವು ಅನ್ನುವುದು ಬೇರೆಯವರಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಬೆಳಗಾವಿಯ ಉದ್ಯಮಬಾಗದಲ್ಲಿ 32 ಜನ ದುಡಿಯುವ ಫೌಂಡ್ರಿ, ಪಕ್ಕದಲ್ಲೇ ನಾಲ್ಕು ಲೇಥಿನ ಮಷಿನ್ ಶಾಪ್. ಕಾಗದ ಅಂದರೆ ಬರೀ ಬಿಲ್ಲಲ್ಲ. ಗಿರಾಕಿಯ ಪರ್ಚೇಸ್ ಆರ್ಡರ್, ಡ್ರಾಯಿಂಗ್, ಭಟ್ಟಿಯ ರಿಜಿಸ್ಟರ್, ಕೆಮಿಕಲ್ ಟಿ.ಸಿ. (ಲೋಹದಲ್ಲಿ ಏನೇನು ಎಷ್ಟಿದೆ ಅನ್ನುವ ಟೆಸ್ಟ್ ಸರ್ಟಿಫಿಕೇಟ್), ಜಾಬ್‌ವರ್ಕ್ ಚಲನ್ (ಹೊರಗೆ ಕೆಲಸಕ್ಕೆ ಕಳಿಸುವ ಮಾಲಿನ ಚೀಟಿ), ತೂಕದ ಕಾಟಾ ಚೀಟಿ, ಲಾರಿಯ ಬಿಲ್ಟಿ, ಇ-ವೇ ಬಿಲ್, ಗೇಜುಗಳ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್, ಕಾರ್ಮಿಕರ ಪಿ.ಎಫ್. ಕಾಗದ ಎಲ್ಲ ಸೇರಿ. ಕೊಲ್ಹಾಪುರದ ಕಡೆಯಿಂದ ಬರುವವು ಅರ್ಧ ಮರಾಠಿಯಲ್ಲಿ, ಹುಬ್ಬಳ್ಳಿಯವು ಇಂಗ್ಲಿಷಿನಲ್ಲಿ, ಸರ್ಕಾರದ ಪತ್ರಗಳು ಕನ್ನಡದಲ್ಲಿ.

ಮೊದಲ ಹದಿನೈದು ದಿನ ಕಂಪ್ಯೂಟರ್ ಮುಟ್ಟಲಿಲ್ಲ. ಒಂದು ನೋಟ್‌ಬುಕ್ ಇಟ್ಟು, ಆಫೀಸಿಗೆ ಬಂದು ಯಾರು ಯಾವ ಕಾಗದ ಕೇಳಿದರು, ಯಾವ ಮಾತಿನಲ್ಲಿ ಕೇಳಿದರು, ಸಿಗಲು ಎಷ್ಟು ಹೊತ್ತು ಹಿಡಿಯಿತು ಅಷ್ಟನ್ನೇ ಬರೆದೆವು. ಇಡೀ ಕೆಲಸದಲ್ಲಿ ಸರಿಯಾಗಿ ಮಾಡಿದ್ದು ಒಂದಿದ್ದರೆ ಇದೇ. ಸಿ.ಎ. ಕಡೆಯವರು ಬಿಲ್ ನಂಬರ್ ಹೇಳಿ ಕೇಳುತ್ತಾರೆ. ಡಿಸ್ಪ್ಯಾಚಿನವರು ಪಾರ್ಟಿ ಹೆಸರು, ಗಾಡಿ ನಂಬರ್ ಹೇಳುತ್ತಾರೆ. ಮಷಿನ್ ಶಾಪಿನವರಿಗೆ ಪಾರ್ಟ್ ನಂಬರ್ ಬಿಟ್ಟರೆ ಬೇರೆ ಗೊತ್ತಿಲ್ಲ. ಗಿರಾಕಿಯ ಕ್ವಾಲಿಟಿ ವಿಭಾಗದವರು ಮಾತ್ರ ಯಾವಾಗಲೂ ಒಂದೇ ಪ್ರಶ್ನೆ: ‘ಆ ಹೀಟಿನ ಟಿ.ಸಿ. ಎಲ್ಲೈತ್ರಿ?’ ಹೀಟ್ ಅಂದರೆ ಭಟ್ಟಿಯಲ್ಲಿ ಒಂದು ಸಲಕ್ಕೆ ಕರಗಿಸಿದ ಲೋಹ, ಪ್ರತಿ ಸಲಕ್ಕೂ ಒಂದು ನಂಬರ್. ನೋಟ್‌ಬುಕ್ಕಿನಲ್ಲಿ ಅತಿ ಹೆಚ್ಚು ಹೊತ್ತು ತಿಂದ ಪ್ರಶ್ನೆಯೂ ಅದೇ.

ತೊಡಕು ಇಲ್ಲಿದೆ. ಒಂದು ಹೀಟಿನಲ್ಲಿ ಎರಕ ಹೊಯ್ದ ಕಾಸ್ಟಿಂಗುಗಳು ನಾಲ್ಕು ಬಿಲ್ಲುಗಳಲ್ಲಿ ಹಂಚಿ ಹೋಗುತ್ತವೆ. ಒಂದು ಬಿಲ್ಲಿನಲ್ಲಿ ಮೂರು ಹೀಟಿನ ಮಾಲು ಇರುತ್ತದೆ. ಫೋಲ್ಡರೊಳಗೆ ಫೋಲ್ಡರ್ ಮಾಡಿಟ್ಟರೆ ಕಾಗದ ಒಂದೇ ಜಾಗದಲ್ಲಿ ಇರಲು ಸಾಧ್ಯ. ಹಾಗಾಗಿ ಹಿಂದಿನಿಂದಲೂ ಝೆರಾಕ್ಸ್ ಮಾಡಿಸಿ ಎರಡು ಫೈಲಿಗೆ ಹಾಕುವ ರೂಢಿ. ನಿಮ್ಮ ಧಂದೆಯಲ್ಲಿ ಹೀಗೆ ಒಂದು ಕಾಗದಕ್ಕೆ ಹಲವು ಕಡೆ ನಂಟು ಇಲ್ಲದಿದ್ದರೆ, ಸಾಫ್ಟ್‌ವೇರಿನ ಗೊಡವೆಯೇ ಬೇಡ. ಹಣಕಾಸು ವರ್ಷದ ಫೋಲ್ಡರ್, ಸರಿಯಾದ ಫೈಲ್ ಹೆಸರು, ನಿಯಮಿತ ಬ್ಯಾಕಪ್, ಇಷ್ಟು ಸಾಕು.

ಮೇ ತಿಂಗಳಲ್ಲಿ ಅಳತೆ. ಕಪಾಟಿನ ಫೈಲುಗಳನ್ನು ಒತ್ತಿ ನಿಲ್ಲಿಸಿ ಟೇಪು ಹಿಡಿದರೆ 21 ಅಡಿ. ಹೊಸ ಹಾಳೆಯ 500ರ ರೀಮು ಸುಮಾರು 5 ಸೆಂ.ಮೀ. ದಪ್ಪ, ಆದರೆ ಪಂಚ್ ಮಾಡಿ ಮಡಚಿ ಹಳತಾದ ಹಾಳೆ ಉಬ್ಬಿರುತ್ತದೆ. ಅಡಿಗೆ 2,000 ಹಾಳೆ ಹಿಡಿದರೆ 42,000. ಅಷ್ಟನ್ನೂ ಸ್ಕ್ಯಾನ್ ಮಾಡುವುದು ಹುಚ್ಚುತನ. ಯಾವುದನ್ನು ಇಟ್ಟುಕೊಳ್ಳಲೇಬೇಕು, ಅದರಲ್ಲಿ ಯಾವುದನ್ನು ಹುಡುಕಬೇಕಾಗುತ್ತದೆ, ಇವೆರಡು ಬೇರೆ ಬೇರೆ ಪಟ್ಟಿ.

ಇಟ್ಟುಕೊಳ್ಳುವ ಲೆಕ್ಕ: ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು. ಎಷ್ಟೋ ಜನ ಇದನ್ನು ಬಿಲ್ಲಿನ ತಾರೀಖಿನಿಂದ ಎಣಿಸುತ್ತಾರೆ, ತಪ್ಪು. 2023-24ರ ಬಿಲ್ಲಿನ ವಾರ್ಷಿಕ ರಿಟರ್ನಿಗೆ ಕೊನೆಯ ದಿನ 31 ಡಿಸೆಂಬರ್ 2024, ಆದ್ದರಿಂದ ಆ ಕಾಗದ 2030ರ ಡಿಸೆಂಬರ್ ಕೊನೆಯವರೆಗೆ ಇರಬೇಕು. ಮೇಲ್ಮನವಿ, ತನಿಖೆ ನಡೆದಿದ್ದರೆ ಅದು ಇತ್ಯರ್ಥವಾಗಿ ಒಂದು ವರ್ಷ ಅಥವಾ ಈ ಅವಧಿ, ಯಾವುದು ತಡವೋ ಅದು. 2017-18ರ ವಾರ್ಷಿಕ ರಿಟರ್ನನ್ನು 2020ರ ಫೆಬ್ರವರಿವರೆಗೆ ಮುಂದೂಡಿದ್ದರು. ಹಾಗಾಗಿ 2025ರ ಬೇಸಿಗೆಯಲ್ಲಿ ನಾವು ಕಪಾಟು ನೋಡುವಾಗ ಜಿಎಸ್‌ಟಿ ಶುರುವಾದ ದಿನದ ಬಿಲ್ಲನ್ನೂ ರದ್ದಿಗೆ ಹಾಕುವಂತಿರಲಿಲ್ಲ. ನಮ್ಮದು ಪಾಲುದಾರಿ ಸಂಸ್ಥೆ. ಪ್ರೈವೇಟ್ ಲಿಮಿಟೆಡ್ ಇದ್ದವರಿಗೆ ಕಂಪನಿ ಕಾಯ್ದೆಯ 8 ಹಣಕಾಸು ವರ್ಷದ ನಿಯಮವೂ ಇದೆ.

ಹುಡುಕುವ ಪಟ್ಟಿ ಇದಕ್ಕಿಂತ ಬಹಳ ಚಿಕ್ಕದು. ಹಿಂದಿನ ಎರಡು ವರ್ಷದ ಮಾರಾಟ ಬಿಲ್, ಟಿ.ಸಿ., ಜಾಬ್‌ವರ್ಕ್ ಚಲನ್, ಚಾಲ್ತಿಯಲ್ಲಿರುವ ಎಲ್ಲ ಡ್ರಾಯಿಂಗ್, ಲೈಸೆನ್ಸುಗಳು. ಒಟ್ಟು 11,000 ಹಾಳೆ. ಮಿಕ್ಕವನ್ನು ವರ್ಷ ಬರೆದು ಡಬ್ಬಿಗೆ ತುಂಬಿ, ನೆಲದಿಂದ ಅರ್ಧ ಅಡಿ ಮೇಲೆ, ಗೋಡೆಗೆ ತಾಗದ ಹಾಗೆ ಇಟ್ಟೆವು. ಬೆಳಗಾವಿಯ ಮಳೆಗಾಲದಲ್ಲಿ ಗೋಡೆಗೆ ಒರಗಿದ ಡಬ್ಬಿ ಆಗಸ್ಟಿಗೆ ಬೂಷ್ಟು ಹಿಡಿಯುತ್ತದೆ.

ಕಾಗದ ಜೋಡಿಸಿಟ್ಟು ಹುಡುಕಿಕೊಡುವ ಸಾಫ್ಟ್‌ವೇರುಗಳಲ್ಲಿ ಜೂನಿನಲ್ಲಿ ಡೆಮೊ ನೋಡಿದ್ದು ಮೂರು. ಕ್ಲೌಡಿನದೊಂದಕ್ಕೆ ತಲೆಗೆ ತಿಂಗಳಿಗೆ 550 ರೂಪಾಯಿ ಕೇಳಿದರು. ಆರು ಜನಕ್ಕೆ ವರ್ಷಕ್ಕೆ 39,600, ಮೇಲೆ ಶೇ. 18 ತೆರಿಗೆ ಸೇರಿ 46,728. ಸಾಫ್ಟ್‌ವೇರ್ ಚೆನ್ನಾಗಿಯೇ ಇತ್ತು. ‘ಬಿಟ್ಟು ಹೋಗುವಾಗ ನಮ್ಮ ಫೈಲ್ ಜೊತೆಗೆ ಹೆಸರು, ತಾರೀಖು, ಟ್ಯಾಗ್ ಎಲ್ಲ ಎಕ್ಸೆಲ್‌ನಲ್ಲಿ ಕೊಡ್ತೀರೇನ್ರಿ?’ ಅಂದರೆ ಉತ್ತರ ಸ್ಪಷ್ಟ ಬರಲಿಲ್ಲ. ಡೆಮೊ ಕೊಡುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು. ನಾವು ಕೊನೆಗೆ ಪೇಪರ್‌ಲೆಸ್-ಎನ್‌ಜಿಎಕ್ಸ್ ಅನ್ನುವ ಮುಕ್ತ ತಂತ್ರಾಂಶ ಹಿಡಿದೆವು. ಬೆಲೆ ಸೊನ್ನೆ, ಆದರೆ ಕೂರಿಸಿ ಕೊಡುವವರು, ಕೆಟ್ಟಾಗ ನೋಡುವವರು ಬೇಕು. ಅಂಥ ಒಬ್ಬರು ಹತ್ತಿರದಲ್ಲಿ ಇಲ್ಲದಿದ್ದರೆ ಕ್ಲೌಡೇ ವಾಸಿ.

ಖರ್ಚು ಇಷ್ಟು: ಎರಡೂ ಬದಿ ಒಟ್ಟಿಗೆ ಓದುವ, ಹಾಳೆ ತಾನೇ ಎಳೆದುಕೊಳ್ಳುವ ಸ್ಕ್ಯಾನರ್ 29,500. 16 ಜಿಬಿ ರ‍್ಯಾಮಿನ ಹಳೆಯ ಡೆಸ್ಕ್‌ಟಾಪ್ 17,000. 1 ಟಿಬಿ ಎಸ್‌ಎಸ್‌ಡಿ 5,800. 2 ಟಿಬಿಯ ಎರಡು ಹೊರ ಡಿಸ್ಕ್ 13,400. ಯುಪಿಎಸ್ 5,200. ಸ್ಟಿಕ್ಕರ್ ಹಾಳೆ 1,100. ಕೂರಿಸಿದವರಿಗೆ 6,000. ಸ್ಕ್ಯಾನಿಂಗಿಗೆ ಹಚ್ಚಿದ ಹುಡುಗನ 26 ದಿನದ ಪಗಾರ 14,300. ಒಟ್ಟು 92,300. ಜಾಗದ ಚಿಂತೆ ಬೇಡ: 300 ಡಿಪಿಐ (ಇಂಚಿಗೆ 300 ಚುಕ್ಕೆ) ಗ್ರೇಯಲ್ಲಿ ಎ4 ಪುಟ ಸರಾಸರಿ ಅರ್ಧ ಎಂಬಿ, 11,000 ಹಾಳೆಯ ಎರಡೂ ಬದಿ ಹಿಡಿದರೂ 11 ಜಿಬಿ. ದೊಡ್ಡ ಸರ್ವರ್ ಮಾರಲು ಬಂದವರಿಗೆ ಈ ಲೆಕ್ಕ ತೋರಿಸಿ.

ಮೊದಲು ವಿಂಡೋಸ್ ಮೇಲೆಯೇ ಡಾಕರ್ (ತಂತ್ರಾಂಶವನ್ನು ಬೇರೆಯೇ ಡಬ್ಬಿಯಲ್ಲಿಟ್ಟಂತೆ ಓಡಿಸುವ ವ್ಯವಸ್ಥೆ) ಹಾಕಿ ಓಡಿಸಿದೆವು. ಸ್ಕ್ಯಾನರ್ ಫೋಲ್ಡರಿಗೆ ಪಿಡಿಎಫ್ ಹಾಕುತ್ತಿತ್ತು, ತಂತ್ರಾಂಶಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಹೊಸ ಫೈಲ್ ಬಂತು ಅನ್ನುವ ಸೂಚನೆ ವಿಂಡೋಸಿನಿಂದ ಡಾಕರಿನ ಒಳಕ್ಕೆ ದಾಟುವುದಿಲ್ಲ. ನೆಟ್‌ವರ್ಕ್ ಡ್ರೈವಿನ ಫೋಲ್ಡರಿಗೂ ಇದೇ ಗತಿ. ಇಂತಿಷ್ಟು ಸೆಕೆಂಡಿಗೊಮ್ಮೆ ಫೋಲ್ಡರ್ ನೋಡು ಅಂತ ಪೋಲಿಂಗ್ ಹಾಕಿದರೆ ನಡೆಯುತ್ತದೆ. ಎರಡು ದಿನ ಒದ್ದಾಡಿ, ವಿಂಡೋಸಿನ ಬದಲು ಉಬುಂಟು ಲಿನಕ್ಸ್ ಹಾಕಿ, ಅದೇ ಯಂತ್ರದ ಫೋಲ್ಡರನ್ನು ಸ್ಕ್ಯಾನರಿಗೆ ಹಂಚಿಕೊಟ್ಟ ಮೇಲೆ ಆ ಕಾಟ ತಪ್ಪಿತು.

ಸ್ಕ್ಯಾನಿಂಗ್ ಜುಲೈನಲ್ಲಿ ಶುರು ಮಾಡಿದ್ದು ತಪ್ಪು. ತೇವ ಹೀರಿದ ಹಾಳೆಗಳು ಒಂದಕ್ಕೊಂದು ಅಂಟಿ ಜೋಡಿಯಾಗಿ ಒಳಗೆ ಹೋಗುತ್ತವೆ, ಒಂದು ಪುಟ ಸದ್ದಿಲ್ಲದೆ ತಪ್ಪುತ್ತದೆ. ಜೋಡಿ ಹಾಳೆಯನ್ನು ಅಲ್ಟ್ರಾಸೋನಿಕ್ ಸೆನ್ಸರಿನಿಂದ ಹಿಡಿಯುವ ಸ್ಕ್ಯಾನರೇ ಕೊಳ್ಳಿ. ಕಟ್ಟನ್ನು ಬಿಸಿಲಿಗಲ್ಲ, ಫ್ಯಾನಿನ ಕೆಳಗೆ ಒಂದು ರಾತ್ರಿ ಹರಡಿಡಿ, ಹಾಕುವ ಮುಂಚೆ ಇಸ್ಪೀಟಿನ ಎಲೆಯಂತೆ ಬಿಡಿಸಿ. ಡಬ್ಬಿಯ ಮೇಲೆ ನಿಮಿಷಕ್ಕೆ 40 ಹಾಳೆ ಅಂತ ಬರೆದಿದೆ, ಆ ಲೆಕ್ಕಕ್ಕೆ 11,000 ಹಾಳೆ ಐದು ತಾಸಿನ ಕೆಲಸ. ಹಿಡಿದದ್ದು 26 ದಿನ. ಹೊತ್ತು ಹೋಗುವುದು ಸ್ಟೇಪ್ಲರ್ ಪಿನ್ನು ಕೀಳಲು, ಮಡಿಕೆ ಬಿಡಿಸಲು, ಹರಿದದ್ದಕ್ಕೆ ಟೇಪು ಹಚ್ಚಲು.

ಫೌಂಡ್ರಿಯವರಿಗೆ ಒಂದು ಮಾತು. ಕರಿ ಮರಳಿನ ಧೂಳು ಆಫೀಸಿಗೂ ಬರುತ್ತದೆ. ಸ್ಕ್ಯಾನರಿನ ಒಳಗಿನ ಕಿರಿದಾದ ಗಾಜಿನ ಪಟ್ಟಿಯ ಮೇಲೆ ಒಂದೇ ಕಣ ಕೂತರೆ ಪ್ರತಿ ಪುಟದ ಮೇಲಿನಿಂದ ಕೆಳಗೆ ಒಂದು ಗೆರೆ ಬೀಳುತ್ತದೆ. ಗೆರೆ ಅಂಕಿಯ ಮೇಲೆ ಬಿದ್ದರೆ 3 ಇದ್ದದ್ದು 8 ಆದೀತು. ಪ್ರತಿ 500 ಹಾಳೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ನೂಲು ಬಿಡದ ಬಟ್ಟೆಯಿಂದ ಒರೆಸುವುದು ಅಂತ ಗೋಡೆಗೆ ಬರೆದು ಅಂಟಿಸಿದೆವು.

ಗುಲಾಬಿ, ಹಳದಿ ಕಾರ್ಬನ್ ಪ್ರತಿಗಳು ಗ್ರೇಯಲ್ಲಿ ಮಸುಕಾಗುತ್ತವೆ. ಅವಕ್ಕೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಕಾಂಟ್ರಾಸ್ಟ್ ಏರಿಸಬೇಕು. ಕಾಟಾ ಚೀಟಿ, ಪೆಟ್ರೋಲ್ ಬಂಕಿನ ಚೀಟಿ ಥರ್ಮಲ್ ಕಾಗದ. ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿ ಬರೀ ಹಾಳೆ ಉಳಿದಿತ್ತು. ಅಂಥವನ್ನು ಬಂದ ದಿನವೇ ಸ್ಕ್ಯಾನ್ ಮಾಡಿ.

ಇದರಿಂದಲೇ ಜುಲೈ ಮಧ್ಯದಲ್ಲಿ ಕೆಲಸದ ಕ್ರಮ ತಿರುವುಮುರುವು ಮಾಡಿದೆವು. ಹಳೆಯದನ್ನು ಪೂರ್ತಿ ಮುಗಿಸಿ ಹೊಸದಕ್ಕೆ ಬರೋಣ ಅನ್ನುವುದು ನಮ್ಮ ಯೋಜನೆಯಾಗಿತ್ತು. ಹಳೆಯದು ಮುಗಿಯುವಷ್ಟರಲ್ಲಿ ಹೊಸದೇ ಹಳೆಯದಾಗುತ್ತಿತ್ತು. ಆಮೇಲೆ ಆಯಾ ದಿನದ ಕಾಗದ ಸಂಜೆ 5ಕ್ಕೆ ಮೊದಲು, ಉಳಿದ ಹೊತ್ತಿನಲ್ಲಿ ಹಿಂದಿನದು. ದಿನಕ್ಕೆ 50-60 ಹಾಳೆ, ಅರ್ಧ ತಾಸು.

ಕಾಗದಗಳನ್ನು ಬೇರ್ಪಡಿಸಲು ಎರಡು ದಾರಿ ಇವೆ. ನಡುನಡುವೆ ಪ್ಯಾಚ್-ಟಿ ಬಾರ್‌ಕೋಡಿನ ಹಾಳೆ ಇಡುವುದು ಒಂದು. ಪ್ರತಿ ದಾಖಲೆಯ ಮೊದಲ ಪುಟಕ್ಕೆ ಕ್ರಮಸಂಖ್ಯೆಯ ಕ್ಯೂಆರ್ ಸ್ಟಿಕ್ಕರ್ ಅಂಟಿಸುವುದು ಇನ್ನೊಂದು. ನಾವು ಎರಡನೆಯದು ಹಿಡಿದೆವು. ಎ4 ಹಾಳೆಗೆ 65 ಬರುವ ಚಿಕ್ಕ ಸ್ಟಿಕ್ಕರ್. 200 ಡಿಪಿಐಯಲ್ಲಿ ಹಲವು ಓದಲಿಲ್ಲ, 300ರಲ್ಲಿ ಓದಿದವು. ಇದರ ಲಾಭ ಕಂಪ್ಯೂಟರಿಗಿಂತ ಕಪಾಟಿಗೇ ಹೆಚ್ಚು. ಮೂಲ ಕಾಗದವನ್ನು ಪಾರ್ಟಿವಾರು ಹಚ್ಚುವ ಕೆಲಸವೇ ಹೋಯಿತು. 1ರಿಂದ 400 ಮೊದಲ ಫೈಲು, 401ರಿಂದ ಮುಂದಿನದು. ಹುಡುಕುವುದು ಪರದೆಯ ಮೇಲೆ, ಎತ್ತಿ ತರುವುದು ನಂಬರ್ ನೋಡಿ. ಒಂದೇ ಫೈಲನ್ನು ಎರಡು ಸಲ ಹಾಕಿದರೆ ತಂತ್ರಾಂಶ ತಡೆಯುತ್ತದೆ. ಒಂದೇ ಕಾಗದವನ್ನು ಎರಡು ಸಲ ಸ್ಕ್ಯಾನ್ ಮಾಡಿದರೆ ಎರಡೂ ಬೇರೆ ಫೈಲು, ಅದಕ್ಕೆ ತಿಳಿಯುವುದಿಲ್ಲ. ಸ್ಟಿಕ್ಕರ್ ಇದ್ದರೆ ಅದೂ ಸಿಕ್ಕಿಬೀಳುತ್ತದೆ.

ಹೆಸರಿಡುವುದರಲ್ಲಿ ಜಗಳ ಜಾಸ್ತಿ. ತಾರೀಖು ವರ್ಷದಿಂದ ಶುರುವಾಗಲಿ, 2025-08-17 ಹೀಗೆ, ಆಗಷ್ಟೇ ಸಾಲಾಗಿ ನಿಲ್ಲುತ್ತದೆ. ನಮ್ಮ ಬಿಲ್ ನಂಬರಿನಲ್ಲಿ ಓರೆಗೆರೆ ಇತ್ತು. ಜಿಎಸ್‌ಟಿ ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲ, ಆದರೆ ಫೈಲ್ ಹೆಸರಿನಲ್ಲಿ ಓರೆಗೆರೆ ಬರುವಂತಿಲ್ಲ. ಅಡ್ಡಗೆರೆಗೆ ಬದಲಿಸಿದೆವು, 2026ರ ಏಪ್ರಿಲಿನಿಂದ ಬಿಲ್ ಬುಕ್ಕಿನಲ್ಲೇ ಅಡ್ಡಗೆರೆ. ಬರೀ ‘2024’ ಅಂತ ಟ್ಯಾಗ್ ಹಾಕಬೇಡಿ, ಫೆಬ್ರವರಿ 2024 ಯಾವ ವರ್ಷದ್ದು ಅಂತ ಪ್ರತಿ ಸಲ ಚರ್ಚೆಯಾಗುತ್ತದೆ. 2023-24 ಅಂತ ಪೂರ್ತಿ ಬರೆಯಿರಿ.

ಒಬ್ಬನೇ ಸರಬರಾಜುದಾರನ ಹೆಸರು ಮೂರು ಸ್ಪೆಲಿಂಗಿನಲ್ಲಿ ಬರುತ್ತದೆ. ಹೆಸರಿನ ಬದಲು 15 ಅಕ್ಷರದ ಜಿಎಸ್‌ಟಿ ನಂಬರನ್ನು ಗುರುತಾಗಿ ಕೊಟ್ಟರೆ ತಂತ್ರಾಂಶ ತಾನೇ ಪಾರ್ಟಿ ಹಚ್ಚುತ್ತದೆ. ಎರಡು ಎಚ್ಚರ. ನಿಮ್ಮದೇ ನಂಬರ್ ಎಲ್ಲ ಬಿಲ್ಲಿನ ಮೇಲೂ ಇರುತ್ತದೆ, ಅದನ್ನು ಪಟ್ಟಿಗೆ ಸೇರಿಸಬೇಡಿ. 27ರಿಂದ ಶುರುವಾಗುವ ಮಹಾರಾಷ್ಟ್ರದ ನಂಬರು, 29ರ ಕರ್ನಾಟಕದ ನಂಬರು ಎರಡೂ ಇರುವ ಪಾರ್ಟಿಗೆ ಎರಡನ್ನೂ ಕೊಡಿ.

ಹೀಟ್ ನಂಬರಿಗೆ ಮೊದಲು ಟ್ಯಾಗ್ ಮಾಡಿದೆವು. ದಿನಕ್ಕೆ ನಾಲ್ಕು ಹೀಟ್. ತಿಂಗಳೊಪ್ಪತ್ತಿನಲ್ಲಿ ನೂರು ಟ್ಯಾಗ್, ಪಟ್ಟಿ ಉರುಳಿಸಿ ಉರುಳಿಸಿ ಸಾಕಾಯಿತು. ಎಲ್ಲ ಅಳಿಸಿ, ಪ್ರತಿ ದಾಖಲೆಗೆ ‘ಹೀಟ್’ ಅನ್ನುವ ಒಂದು ಖಾನೆ ಮಾಡಿ, ಅದರಲ್ಲಿ ಅಲ್ಪವಿರಾಮ ಹಾಕಿ ನಂಬರುಗಳನ್ನು ಬರೆಯತೊಡಗಿದೆವು. ಟ್ಯಾಗ್ ಇರಬೇಕಾದ್ದು ಕೈಬೆರಳೆಣಿಕೆಯಷ್ಟು: ಬಾಕಿ, ತಿರಸ್ಕೃತ ಮಾಲು, ಆಡಿಟ್‌ಗೆ ಹೋದದ್ದು, ಇಂಥವು.

ಓದಿಸುವ ವಿಷಯ. ಸ್ಕ್ಯಾನ್ ಆದ ಚಿತ್ರದಿಂದ ಅಕ್ಷರ ಗುರುತಿಸಲು ತಂತ್ರಾಂಶದ ಒಳಗೆ ಇರುವುದು ಟೆಸೆರಾಕ್ಟ್, ಕನ್ನಡ, ಮರಾಠಿ ಎರಡೂ ಬರುತ್ತವೆ. ಉತ್ಸಾಹದಲ್ಲಿ ಇಂಗ್ಲಿಷ್, ಕನ್ನಡ, ಮರಾಠಿ ಮೂರನ್ನೂ ಒಟ್ಟಿಗೆ ಹಾಕಿದೆವು. ವೇಗ ಕುಸಿಯಿತು. ಅದಕ್ಕಿಂತ ಕೆಟ್ಟದ್ದು, ಬಿಲ್ ನಂಬರಿನ ಸೊನ್ನೆ ಕೆಲವು ಕಡೆ ಕನ್ನಡದ ಸೊನ್ನೆಯಾಗಿ ಕೂತಿತು. ಕಣ್ಣಿಗೆ ಒಂದೇ, ಹುಡುಕಿದರೆ ಸಿಗುವುದಿಲ್ಲ. ‘ಸರ್, ನಂಬರ್ ಕರೆಕ್ಟ್ ಹಾಕೀನ್ರಿ, ಬರಂಗಿಲ್ರಿ’ ಅನ್ನುವ ದೂರು ವಾರಪೂರ್ತಿ. ಕೊನೆಗೆ ಎಲ್ಲಕ್ಕೂ ಇಂಗ್ಲಿಷ್ ಒಂದೇ ಇಟ್ಟೆವು. ಕನ್ನಡ, ಮರಾಠಿ ಪತ್ರಗಳು ತಿಂಗಳಿಗೆ ಹತ್ತಿಪ್ಪತ್ತು. ಅವಕ್ಕೆ ಶೀರ್ಷಿಕೆಯನ್ನು ಕೈಯಿಂದ ಟೈಪ್ ಮಾಡುತ್ತೇವೆ. ಕೈಬರಹವನ್ನು ಟೆಸೆರಾಕ್ಟ್ ಓದುವುದಿಲ್ಲ. ಭಟ್ಟಿಯ ರಿಜಿಸ್ಟರ್ ಪೂರ್ತಿ ಕೈಬರಹ, ಹೀಟ್ ನಂಬರ್ ತುಂಬುವುದು ಇವತ್ತಿಗೂ ಮನುಷ್ಯನ ಕೆಲಸ.

ಹಳೆಯ ಕಂಪ್ಯೂಟರಿನಲ್ಲಿ ನುಡಿಯ ಹಳೆ ಫಾಂಟಿನಲ್ಲಿ ಮಾಡಿದ ನೂರಾರು ಪತ್ರಗಳಿದ್ದವು. ಅವು ಯೂನಿಕೋಡ್ ಅಲ್ಲ. ಪರದೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದ ಮೇಲೆಯೇ ಹುಡುಕಲು ಬರುತ್ತದೆ. ಒತ್ತಕ್ಷರ, ಅರ್ಕಾವತ್ತು ಒಮ್ಮೆ ನೋಡಿಕೊಳ್ಳಿ.

ಪಿಡಿಎಫ್ ಆಗಿಯೇ ಬಂದದ್ದನ್ನು ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡುವುದು ನಮ್ಮಲ್ಲೂ ನಡೆದಿತ್ತು. ಡಿಜಿಟಲ್ ಸಹಿ ಇರುವ ಫೈಲನ್ನು ಹಾಗೆ ಮಾಡಿದರೆ ಸಹಿ ಸತ್ತಂತೆ. ತಂತ್ರಾಂಶ ಮೂಲವನ್ನೂ ಓದಿಸಿದ ಪ್ರತಿಯನ್ನೂ ಎರಡನ್ನೂ ಇಟ್ಟುಕೊಳ್ಳುತ್ತದೆ. ಕೇಳಿದವರಿಗೆ ಮೂಲವನ್ನೇ ಕಳಿಸಬೇಕು. ಪಾಸ್‌ವರ್ಡ್ ಇರುವ ಬ್ಯಾಂಕ್ ಸ್ಟೇಟ್‌ಮೆಂಟಿನ ಪಾಸ್‌ವರ್ಡ್ ತೆಗೆದು ಹಾಕಿ. ವಾಟ್ಸ್ಯಾಪಿನಲ್ಲಿ ಚಲನ್ ಫೋಟೋ ಕಳಿಸುವ ಡ್ರೈವರಿಗೆ ‘ಡಾಕ್ಯುಮೆಂಟ್ ಅಂತ ಕಳಸಪಾ’ ಅಂತ ಕಲಿಸಿ, ಫೋಟೋ ಆಗಿ ಬಂದರೆ ಅಕ್ಷರ ಕಲಸಿರುತ್ತವೆ.

ಜಾಬ್‌ವರ್ಕ್ ಚಲನ್ ಮಾತ್ರ ಜೋಡಿಯಾಗಿಯೇ ಇರಬೇಕು, ಹೋದದ್ದು ಮತ್ತು ಬಂದದ್ದು. ಹೊರಗೆ ಮಷಿನಿಂಗಿಗೆ ಕಳಿಸಿದ ಮಾಲು ಒಂದು ವರ್ಷದೊಳಗೆ ಬರದಿದ್ದರೆ ಕಳಿಸಿದ ದಿನವೇ ಮಾರಿದಂತೆ ಲೆಕ್ಕ, ಬಡ್ಡಿ ಬೇರೆ. ‘ಬಾಕಿ’ ಟ್ಯಾಗನ್ನು ಹೋಗುವ ಚಲನ್ನಿಗೆ ಹಚ್ಚಿ, ಮರಳಿದಾಗ ತೆಗೆಯುತ್ತೇವೆ. ಜಾಬ್‌ವರ್ಕ್ ಮಾಲಿನ ಲೆಕ್ಕ ಕೊಡುವ ಜಿಎಸ್‌ಟಿ ಫಾರ್ಮು ಐಟಿಸಿ-04 ತುಂಬುವಾಗ ಆ ಟ್ಯಾಗಿನ ಪಟ್ಟಿಯೇ ಅರ್ಧ ಕೆಲಸ ಮುಗಿಸಿತು.

ಡ್ರಾಯಿಂಗಿನಲ್ಲಿ ಅಪಾಯ ಬೇರೆ ಥರದ್ದು. ಹೊಸ ರಿವಿಷನ್ ಕಂಪ್ಯೂಟರಿಗೆ ಬಂದಿರುತ್ತದೆ, ಲೇಥಿನ ಮೇಲೆ ಎಣ್ಣೆ ಹತ್ತಿದ ಹಳೆ ಪ್ರಿಂಟು ನೇತಾಡುತ್ತಿರುತ್ತದೆ. ಪ್ರತಿ ಪ್ರಿಂಟಿನ ಮೇಲೆ ತಾರೀಖು, ಪಡೆದವರ ಸಹಿ. ಹಳೆಯದನ್ನು ವಾಪಸ್ ಕೊಟ್ಟರಷ್ಟೇ ಹೊಸದು. ಗುಣಮಟ್ಟದ ಮಾನದಂಡವಾದ ಐಎಸ್‌ಒ 9001ರ 7.5ನೇ ಕಲಮು ಕೇಳುವುದೂ ಬಹುಪಾಲು ಇದನ್ನೇ.

ಸೆಪ್ಟೆಂಬರಿನಲ್ಲಿ ಬ್ಯಾಕಪ್ ಪರೀಕ್ಷೆ ಮಾಡಿ ಬೆವರಿದೆವು. ಪ್ರತಿ ಶನಿವಾರ ಫೈಲುಗಳ ಫೋಲ್ಡರ್ ಹೊರ ಡಿಸ್ಕಿಗೆ ನಕಲಾಗುತ್ತಿತ್ತು. ಇನ್ನೊಂದು ಯಂತ್ರದಲ್ಲಿ ಎಬ್ಬಿಸಿ ನೋಡಿದರೆ ಪಿಡಿಎಫ್ ಎಲ್ಲ ಇವೆ, ಪಾರ್ಟಿ, ಹೀಟ್, ಟ್ಯಾಗ್ ಒಂದೂ ಇಲ್ಲ. ಅವು ಇರುವುದು ಡೇಟಾಬೇಸಿನಲ್ಲಿ, ಅದನ್ನು ನಕಲು ಮಾಡಿಯೇ ಇರಲಿಲ್ಲ. ಡಾಕ್ಯುಮೆಂಟ್ ಎಕ್ಸ್‌ಪೋರ್ಟರ್ ಅನ್ನುವ ಆಜ್ಞೆ ಎರಡನ್ನೂ ಒಟ್ಟಿಗೆ ಹೊರತೆಗೆಯುತ್ತದೆ, ಈಗ ಅದೇ. ಎರಡು ಡಿಸ್ಕಿನಲ್ಲಿ ಒಂದು ಆಫೀಸಿನಲ್ಲಿ, ಇನ್ನೊಂದು ಎನ್‌ಕ್ರಿಪ್ಟ್ ಆಗಿ ಟಿಳಕವಾಡಿಯ ಮನೆಯಲ್ಲಿ, ವಾರಕ್ಕೊಮ್ಮೆ ಅದಲುಬದಲು. ನಕಲು ಮುಗಿದ ತಕ್ಷಣ ಡಿಸ್ಕ್ ಕಳಚಿ. ಚುಚ್ಚಿಯೇ ಬಿಟ್ಟ ಡಿಸ್ಕನ್ನು ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್) ಜೊತೆಗೇ ನುಂಗುತ್ತದೆ. ಜಿಎಸ್‌ಟಿಯ 57ನೇ ನಿಯಮವೂ ಎಲೆಕ್ಟ್ರಾನಿಕ್ ದಾಖಲೆಗೆ ಸರಿಯಾದ ಬ್ಯಾಕಪ್ ಇರಬೇಕು ಅನ್ನುತ್ತದೆ, ಕೇಳಿದಾಗ ಪಾಸ್‌ವರ್ಡ್ ಸಮೇತ ತೋರಿಸಬೇಕು ಅಂತಲೂ ಅನ್ನುತ್ತದೆ. ಪಾಸ್‌ವರ್ಡ್ ಒಬ್ಬರ ತಲೆಯಲ್ಲೇ ಇರದಿರಲಿ. ಲಕೋಟೆಯಲ್ಲಿ ಮುಚ್ಚಿ ತಿಜೋರಿಯಲ್ಲಿದೆ.

‘ಸ್ಕ್ಯಾನ್ ಆತಲ್ಲ, ಇನ್ನ ರದ್ದಿಗೆ ಹಾಕೂಣೇನ್ರಿ?’ ಅನ್ನುವುದು ಎಲ್ಲರ ಆಸೆ. ನಮ್ಮ ಸಿ.ಎ. ಸಾಹೇಬರ ಸಲಹೆಯಂತೆ ಅವಧಿ ಮುಗಿಯುವವರೆಗೆ ಮೂಲವನ್ನೂ ಇಟ್ಟಿದ್ದೇವೆ. ಛಾಪಾ ಕಾಗದದ ಕರಾರು, ಪ್ರಾಮಿಸರಿ ನೋಟು, ಪವರ್ ಆಫ್ ಅಟಾರ್ನಿ ಇವನ್ನು ಯಾವತ್ತೂ ಮೂಲದಲ್ಲೇ ಇಡಬೇಕು. ಬ್ಯಾಂಕಿನಂಥ ಸಂಸ್ಥೆಗಳಿಗೆ ಬರೆದುಕೊಟ್ಟ ಕೆಲವನ್ನು ಬಿಟ್ಟರೆ, ಮಾಹಿತಿ ತಂತ್ರಜ್ಞಾನ ಕಾಯ್ದೆ ಪ್ರಾಮಿಸರಿ ನೋಟು, ಪವರ್ ಆಫ್ ಅಟಾರ್ನಿಯಂಥವನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಕೋರ್ಟಿಗೆ ಎಲೆಕ್ಟ್ರಾನಿಕ್ ಪ್ರತಿ ಕೊಡುವುದಾದರೆ ಜುಲೈ 2024ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ (ಫೈಲ್ ಬದಲಾಗಿಲ್ಲ ಅಂತ ತೋರಿಸುವ ಸಂಕೇತ) ಬರೆಯಬೇಕು. ಕಾರ್ಮಿಕರ ಆಧಾರ್ ಮಾತ್ರ ಕೊನೆಯ ನಾಲ್ಕಂಕಿ ಕಾಣುವ ಮಾಸ್ಕ್ ಆದ ಪ್ರತಿಯೇ ಸಾಕು, ಅದನ್ನೂ ಪಗಾರ ನೋಡುವ ಇಬ್ಬರಿಗಷ್ಟೇ ತೆರೆಯುವಂತೆ ಮಾಡಿದೆವು.

ಅಕ್ಟೋಬರಿನಲ್ಲಿ ಒಬ್ಬ ಗಿರಾಕಿಯಿಂದ ಫೋನು: ಎಫ್‌ಜಿ 260ರ (ಎರಕದ ಕಬ್ಬಿಣದ ಒಂದು ದರ್ಜೆ) ಒಂದು ಲಾಟ್, ಇಂಥ ಹೀಟು, ಟಿ.ಸಿ. ಬೇಕು. ಖಾನೆಯಲ್ಲಿ ನಂಬರ್ ಹಾಕಿದರೆ ಟಿ.ಸಿ., ಭಟ್ಟಿ ರಿಜಿಸ್ಟರಿನ ಆ ದಿನದ ಪುಟ, ಮೂರು ಬಿಲ್ಲು ಒಟ್ಟಿಗೆ ಬಂದವು. ಅದೇ ಹೀಟಿನ ಮಾಲು ಹೋಗಿದ್ದ ನಾಲ್ಕನೆಯ ಪಾರ್ಟಿಯ ಚಲನ್ ಬರಲಿಲ್ಲ, ಹುಡುಗ ಹೀಟ್ ನಂಬರ್ ತುಂಬಿರಲಿಲ್ಲ. ಈಗ ಪ್ರತಿ ಸೋಮವಾರ ಹೀಟ್ ಖಾನೆ ಖಾಲಿ ಇರುವ ದಾಖಲೆಗಳ ಪಟ್ಟಿ ತೆಗೆಯುತ್ತೇವೆ. ಕಳೆದ ವಾರ ಅದರಲ್ಲಿ ಒಂಬತ್ತು ಇದ್ದವು.

ಪ್ಯಾಟರ್ನ್ ಶಾಪಿನ ಅಟ್ಟದ ಮೇಲೆ ಎ1 ಅಳತೆಯ ಹಳೆ ಟ್ರೇಸಿಂಗ್ ಹಾಳೆಗಳ ಸುರುಳಿ ಇನ್ನೂ ಹಾಗೇ ಇವೆ. ನಮ್ಮ ಸ್ಕ್ಯಾನರಿಗೆ ಅವು ಹಿಡಿಸುವುದಿಲ್ಲ, ಬಿಚ್ಚಿದರೆ ಅಂಚು ಉದುರುತ್ತವೆ. ಮಳೆ ನಿಂತು ಹಾಳೆ ಒಣಗಿದೆ. ದೊಡ್ಡ ಸ್ಕ್ಯಾನರ್ ಇರುವವರ ಹತ್ತಿರ ದರ ಕೇಳಿ ಬರಬೇಕು.